ಹಾರ್ವರ್ಡ್‌ನ ಸಿಎಸ್50 ನಿಮಗೆ ಸರಿಹೋಗತ್ತಾ? ವೀಕ್ 1 ಮುಗಿಸಿ ಆಮೇಲೆ ಹೇಳಿ

ಸಿಎಸ್50 ಅಂದ್ರೆ ಹಾರ್ವರ್ಡ್ ಯೂನಿವರ್ಸಿಟಿ ಆನ್‌ಲೈನಲ್ಲಿ ಫ್ರೀಯಾಗಿ ಕೊಡೋ, ಕಂಪ್ಯೂಟರ್ ಸೈನ್ಸನ್ನ ಮೊದಲಿಂದ ಹೇಳ್ಕೊಡೋ ಕೋರ್ಸು. ಅದರ ಬಗ್ಗೆ ಯಾರನ್ನ ಕೇಳಿದ್ರೂ "ಸೂಪರ್ ಕೋರ್ಸು, ಕಣ್ಮುಚ್ಕೊಂಡು ಸೇರ್ಕೊಳ್ಳಿ" ಅಂತಾರೆ. ಸೂಪರ್ ಅನ್ನೋದು ನಿಜ, ಕಣ್ಮುಚ್ಕೊಂಡು ಅನ್ನೋದು ಮಾತ್ರ ಬೇಡ. ಯಾಕಂದ್ರೆ ಫ್ರೀ ಕೋರ್ಸು, ಹಾರ್ವರ್ಡ್ ಹೆಸರು, ಪಾಠ ಮಾಡೋ ಡೇವಿಡ್ ಮಲನ್ ಸ್ಟೇಜ್ ತುಂಬಾ ಓಡಾಡ್ಕೊಂಡು ಒಳ್ಳೆ ನಾಟಕ ನೋಡಿದ ಹಾಗೆ ಪಾಠ ಮಾಡ್ತಾರೆ, ಅದನ್ನ ಅರ್ಧ ಗಂಟೆ ನೋಡಿದ್ರೆ ಸಾಕು, ಯಾರಿಗಾದ್ರೂ "ಇದು ನನಗೇ ಮಾಡಿದ್ದು" ಅನ್ಸಿಬಿಡತ್ತೆ. ಆದ್ರೆ ಪಾಠ ನೋಡೋದು ಬೇರೆ, ಕೋರ್ಸ್ ಮಾಡೋದು ಬೇರೆ. ಈ ಕೋರ್ಸಿನ ಜೀವ ಇರೋದು ಲೆಕ್ಚರಲ್ಲಿ ಅಲ್ಲ, ಪ್ರತಿ ವಾರ ನಾವೇ ಪ್ರೋಗ್ರಾಮ್ ಬರೆದು ಬಿಡಿಸೋಕೆ ಕೊಡೋ ಪ್ರಾಬ್ಲಮ್ ಸೆಟ್‌ನಲ್ಲಿ. ನಿಮಗೆ ಸರಿಹೋಗತ್ತೋ ಇಲ್ವೋ ಅನ್ನೋದು ಗೊತ್ತಾಗೋದೂ ಅಲ್ಲೇ.

ನಾನು ಬಿಕಾಂ. ಆಡಿಟರ್ ಆಫೀಸಲ್ಲಿ ಕೆಲಸ, ದಿನ ಪೂರ್ತಿ ಟ್ಯಾಲಿ, ಎಕ್ಸೆಲ್ಲು, ಜಿಎಸ್‌ಟಿ ಪೋರ್ಟಲ್ಲು. ಎಕ್ಸೆಲ್ಲಿನ ವಿಲುಕಪ್ ಫಾರ್ಮುಲಾ ಹಾಕೋದು ಬರತ್ತೆ ಅಂತ ಆಫೀಸಲ್ಲಿ ಒಂದು ಮಟ್ಟಿಗೆ ಹೆಸರಿದೆ, ಅದು ಬಿಟ್ರೆ ಕೋಡಿಂಗ್ ಗಂಧ ಗಾಳಿ ಇರ್ಲಿಲ್ಲ. ಹಂಗಾಗಿ "ನಾನು ಸೈನ್ಸ್ ಓದಿಲ್ಲ, ನನಗೆ ಆಗತ್ತಾ" ಅಂತ ಕೇಳೋರಿಗೆ ಮೊದಲೇ ಹೇಳ್ಬಿಡ್ತೀನಿ, ಆ ಭಯ ಬೇಡ. ಕೋರ್ಸಿನವರೇ ಹೇಳೋ ಪ್ರಕಾರ ಸೇರೋರಲ್ಲಿ ಮೂರರಲ್ಲಿ ಎರಡು ಪಾಲು ಜನ ಮುಂಚೆ ಕಂಪ್ಯೂಟರ್ ಸೈನ್ಸ್ ಮುಟ್ಟಿದವರೇ ಅಲ್ಲ. ಮಲನ್ ಕೂಡ ಹಾರ್ವರ್ಡ್‌ಗೆ ಸೇರಿದ್ದು ರಾಜ್ಯಶಾಸ್ತ್ರ ಓದೋಕೆ, 1996ರಲ್ಲಿ ಇದೇ ಸಿಎಸ್50ಗೆ ಬಂದು ಕೂತಾಗ ಪಾಠ ಮಾಡ್ತಿದ್ದಿದ್ದು ಬ್ರಯಾನ್ ಕರ್ನಿಘನ್, "ಹಲೋ ವರ್ಲ್ಡ್" ಅನ್ನೋ ಪ್ರೋಗ್ರಾಮನ್ನ ಲೋಕಪ್ರಸಿದ್ಧ ಮಾಡಿದ್ರಲ್ಲ ಅವರೇ. ಮಾರ್ಕ್ಸಿನ ತಾಪತ್ರಯ ಬೇಡ ಅಂತ ಬರೀ ಪಾಸ್-ಫೇಲ್ ಲೆಕ್ಕದಲ್ಲಿ ತಗೊಂಡಿದ್ದನ್ನ ಮಲನ್ ಅವರೇ ಪಾಠದಲ್ಲಿ ಹೇಳ್ತಾರೆ. 2007ರಿಂದ ಅವರೇ ಕೋರ್ಸ್ ನಡೆಸ್ತಿದಾರೆ.

ಕೋರ್ಸ್ ಹೇಗಿದೆ ಅಂದ್ರೆ, ವೀಕ್ 0ನಲ್ಲಿ ಸ್ಕ್ರ್ಯಾಚ್, ಮಕ್ಕಳು ಬ್ಲಾಕ್ ಎಳ್ದು ಜೋಡಿಸ್ತಾರಲ್ಲ ಅದು. ವೀಕ್ 1ರಿಂದ 5ರವರೆಗೆ ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆ. ಆಮೇಲೆ ಪೈಥಾನ್ ಭಾಷೆ, ಡೇಟಾಬೇಸಲ್ಲಿ ಹುಡುಕೋಕೆ ಎಸ್‌ಕ್ಯೂಎಲ್, ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಫ್ಲಾಸ್ಕ್ (ಈ ನಾಲ್ಕೂ ವೆಬ್‌ಸೈಟ್ ಮಾಡೋಕೆ), ಕೊನೇಗೆ ನಿಮ್ಮದೇ ಒಂದು ಪ್ರಾಜೆಕ್ಟ್. ಲೆಕ್ಚರ್ ಒಂದೊಂದೂ ಸುಮಾರು ಎರಡು ಗಂಟೆ, ಯೂಟ್ಯೂಬಲ್ಲೇ ಇದೆ.

ವೀಕ್ 0 ಮೋಸ ಅಂತ ಹೇಳಲ್ಲ, ಆದ್ರೆ ಅದನ್ನ ನೋಡಿ ತೀರ್ಮಾನ ಮಾಡಿದ್ರೆ ಮೋಸ ಹೋಗ್ತೀರ. ಫೋನ್ ಡೈರೆಕ್ಟರಿ ತಗೊಂಡು ಮಧ್ಯಕ್ಕೆ ತೆಗೀತಾರೆ, ಹುಡುಕೋ ಹೆಸರು ಈ ಕಡೆ ಇದ್ಯಾ ಆ ಕಡೆ ಇದ್ಯಾ ನೋಡಿ ಬೇಡದ ಅರ್ಧವನ್ನ ಟರ್ರ್ ಅಂತ ಹರಿದು ಬಿಸಾಕ್ತಾರೆ, ಮತ್ತೆ ಅರ್ಧ, ಮತ್ತೆ ಅರ್ಧ. ಸಾವಿರ ಪುಟದ ಪುಸ್ತಕದಲ್ಲಿ ಹತ್ತೇ ಸಲಕ್ಕೆ ಹೆಸರು ಸಿಗತ್ತೆ. ನೋಡೋಕೆ ಮಜಾ, ಅರ್ಥಾನೂ ಆಗತ್ತೆ. ಅದರ ಪ್ರಾಬ್ಲಮ್ ಸೆಟ್ಟೂ ಸುಲಭ, ಸ್ಕ್ರ್ಯಾಚಲ್ಲಿ ಬೆಕ್ಕನ್ನೋ ಚೆಂಡನ್ನೋ ಓಡಾಡ್ಸಿ ಒಂದು ಆಟ ಮಾಡಿ ಕಳಿಸಿದ್ರೆ ಆಯ್ತು. ಇಷ್ಟಕ್ಕೇ ಸ್ಟೇಟಸ್ ಹಾಕ್ಕೊಂಡು "ಹಾರ್ವರ್ಡ್ ಸ್ಟೂಡೆಂಟ್" ಅಂತ ಬರ್ಕೊಳ್ಳೋರು ನಮ್ಮಲ್ಲಿ ಕಮ್ಮಿ ಇಲ್ಲ ಬಿಡಿ.

ಅಸಲಿ ಪರೀಕ್ಷೆ ವೀಕ್ 1ರ ಮಾರಿಯೋ. ಹಳೇ ವಿಡಿಯೋ ಗೇಮಲ್ಲಿ ಮಾರಿಯೋ ಹತ್ತೋ ಇಟ್ಟಿಗೆ ಮೆಟ್ಟಿಲು ಇರತ್ತಲ್ಲ, ಅದನ್ನ # ಚಿಹ್ನೆಯಲ್ಲಿ ಸ್ಕ್ರೀನ್ ಮೇಲೆ ಬರೆಸ್ಬೇಕು, ಎತ್ತರ ಎಷ್ಟು ಅಂತ ಬಳಸೋರನ್ನ ಕೇಳಿ. ಕೇಳೋಕೆ ಏನೂ ಇಲ್ಲ ಅನ್ಸತ್ತೆ. ಲೆಕ್ಚರಲ್ಲಿ ಇಟ್ಟಿಗೆ ಸಾಲು, ಇಟ್ಟಿಗೆ ಚೌಕ ಬರೆಯೋದನ್ನ ತೋರಿಸಿರ್ತಾರೆ, ಲೂಪ್ (ಒಂದೇ ಕೆಲಸವನ್ನ ಮತ್ತೆ ಮತ್ತೆ ಮಾಡ್ಸೋ ಕೋಡ್) ಒಳಗೆ ಲೂಪ್ ಹಾಕಿ. ಆದ್ರೆ ಈ ಮೆಟ್ಟಿಲು ಬಲಗಡೆಗೆ ಒತ್ಕೊಂಡು ನಿಂತಿರ್ಬೇಕು. ಬಲಗಡೆಗೆ ಹೇಗೆ ತಳ್ಳೋದು ಅಂತ ಯಾರೂ ಹೇಳ್ಕೊಟ್ಟಿರಲ್ಲ. ಖಾಲಿ ಸ್ಕ್ರೀನ್ ಮುಂದೆ ಕೂತ್ರೆ ಕೈ ಓಡಲ್ಲ. ನಾನು ಕೊನೇಗೆ ಕೀಬೋರ್ಡ್ ಬಿಟ್ಟು ವೋಚರ್ ಹಿಂದೆ ಪೆನ್ನಲ್ಲಿ ಬರ್ಕೊಂಡೆ: ಎತ್ತರ 4 ಆದ್ರೆ ಮೊದಲ ಸಾಲಲ್ಲಿ 3 ಖಾಲಿ ಜಾಗ 1 ಇಟ್ಟಿಗೆ, ಎರಡನೇದ್ರಲ್ಲಿ 2 ಖಾಲಿ 2 ಇಟ್ಟಿಗೆ, ಆಮೇಲೆ 1 ಖಾಲಿ 3 ಇಟ್ಟಿಗೆ, ಕೊನೇದ್ರಲ್ಲಿ ಖಾಲಿ ಇಲ್ಲ, 4 ಇಟ್ಟಿಗೆ. ಅಂದ್ರೆ ಎತ್ತರದಲ್ಲಿ ಸಾಲಿನ ನಂಬರ್ ಕಳೆದ್ರೆ ಖಾಲಿ ಜಾಗ, ಸಾಲಿನ ನಂಬರಷ್ಟೇ ಇಟ್ಟಿಗೆ. ಲೆಕ್ಕ ಇಷ್ಟೇ! ಬರೆದಿದ್ದನ್ನ ಚೆಕ್50 ಅನ್ನೋ ಕಮಾಂಡಿಗೆ ಕೊಟ್ರೆ ಅದು ಪರೀಕ್ಷೆ ಮಾಡಿ ಒಂದೊಂದಕ್ಕೂ ಹಸಿರು ನಗುಮುಖನೋ ಕೆಂಪು ಅಳುಮುಖನೋ ಹಾಕತ್ತೆ, ಇಟ್ಟಿಗೆ ಆದ್ಮೇಲೆ ಕಣ್ಣಿಗೇ ಕಾಣದ ಒಂದು ಸ್ಪೇಸ್ ಜಾಸ್ತಿ ಬಿದ್ದಿದ್ರೂ ಅಳುಮುಖ.

ಈಗ ನಿಮ್ಮನ್ನ ನೀವೇ ಕೇಳ್ಕೊಳ್ಳಿ, ಒಂದು ಸಂಜೆ ಪೂರ್ತಿ ಈ ನಾಲ್ಕು ಸಾಲಿನ ಜೊತೆ ಗುದ್ದಾಡಿ ಎದ್ದಾಗ ತಲೆ ಕೆಟ್ಟಿದ್ರೂ ಒಳಗೆಲ್ಲೋ ಖುಷಿ ಇತ್ತಾ, ಊಟ ಮಾಡ್ತಾ ಮಾಡ್ತಾ "ಓ ಹಿಂಗೆ ಮಾಡ್ಬಹುದಲ್ವಾ" ಅಂತ ಹೊಳೀತಾ? ಹಾಗಿದ್ರೆ ಈ ಕೋರ್ಸ್ ನಿಮ್ಮದು, ಮುಂದೆ ಎಷ್ಟೇ ಕಷ್ಟ ಬರ್ಲಿ. ಬರೀ ಸಿಟ್ಟು ಬಂತು, ಯೂಟ್ಯೂಬಲ್ಲಿ ಆನ್ಸರ್ ಹುಡುಕಿ ಟೈಪ್ ಮಾಡಿ ಮುಂದಿನ ವಾರಕ್ಕೆ ಹೋದ್ರೆ ಸಾಕು ಅನ್ಸಿತು ಅಂದ್ರೆ ಅಲ್ಲೇ ನಿಲ್ಸೋದು ಒಳ್ಳೇದು. ಆನ್ಸರ್ ಎಲ್ಲಾ ಕಡೆ ಸಿಗತ್ತೆ, ಅದೇ ತೊಂದರೆ. ಬೇರೆಯವರ ಕೋಡ್ ನೋಡಿ ಬರೆಯೋದನ್ನ ಕೋರ್ಸಿನ ನಿಯಮ ಒಪ್ಪಲ್ಲ, ಚಾಟ್‌ಜಿಪಿಟಿ ಥರದ್ದೂ ಬಳಸೋ ಹಾಗಿಲ್ಲ, ಅವರದ್ದೇ ಒಂದು ಎಐ ಚಾಟ್‌ಬಾಟ್ ಇದೆ, ಬಾತುಕೋಳಿ ಅಂತಾರೆ, ಅದನ್ನ ಮಾತ್ರ ಕೇಳ್ಬಹುದು. ಬಾತುಕೋಳಿ ಉತ್ತರ ಕೊಡಲ್ಲ, ತಿರುಗಿ ನಿಮ್ಮನ್ನೇ ಪ್ರಶ್ನೆ ಕೇಳತ್ತೆ. ಮೊದಮೊದಲು ಇದ್ಯಾವುದಪ್ಪ ತಲೆಹರಟೆ ಅನ್ಸತ್ತೆ, ಹೋಗ್ತಾ ಹೋಗ್ತಾ ಅದೇ ಸರಿ ಅನ್ಸತ್ತೆ.

ನಮ್ಮ ಅಕ್ಕನ ಮಗ ಫಸ್ಟ್ ಇಯರ್ ಇಂಜಿನಿಯರಿಂಗು, ವಿಟಿಯು. ನಾನು ಇದನ್ನ ಮಾಡ್ತಿರೋದು ನೋಡಿ ಫೋನ್ ಮಾಡ್ದ.

"ಚಿಕ್ಕಮ್ಮ, ನಮಗೂ ಸಿ ಇದೆ ಈ ಸೆಮ್ಮಲ್ಲಿ, ಇದನ್ನ ಮಾಡಿದ್ರೆ ಲ್ಯಾಬ್ ಇಂಟರ್ನಲ್ಸ್‌ಗೆ ಹೆಲ್ಪ್ ಆಗತ್ತಾ?"

"ಇಂಟರ್ನಲ್ಸ್ ಯಾವಾಗಿದೆ?"

"ಮುಂದಿನ ವಾರ."

"ಹಂಗಾದ್ರೆ ಬೇಡ ಕಣೋ, ಸುಮ್ನೆ ಲ್ಯಾಬ್ ಮ್ಯಾನ್ಯುಯಲ್ ಓದ್ಕೋ."

ತಮಾಷೆಗೆ ಹೇಳಿದ್ದಲ್ಲ. ವಿಟಿಯು 2022 ಸ್ಕೀಮಿನ ಸಿ ಲ್ಯಾಬಲ್ಲಿ ಪ್ರೋಗ್ರಾಮ್ ಪಟ್ಟಿ ಮೊದಲೇ ಕೈಯಲ್ಲಿರತ್ತೆ. ಕ್ಯಾಲ್ಕುಲೇಟರ್ರು, ಕ್ವಾಡ್ರಾಟಿಕ್ ಈಕ್ವೇಶನ್ನಿನ ರೂಟ್ಸು, ಕರೆಂಟ್ ಬಿಲ್ಲು, ಬೈನರಿ ಸರ್ಚು, ಬಬಲ್ ಸಾರ್ಟು, ಮ್ಯಾಟ್ರಿಕ್ಸ್ ಗುಣಾಕಾರ ಹೀಗೆ. ಕರೆಂಟ್ ಬಿಲ್ ಪ್ರಶ್ನೆಯಲ್ಲಿ ಮೊದಲ 200 ಯೂನಿಟ್‌ಗೆ 80 ಪೈಸೆ, ಮುಂದಿನ 100ಕ್ಕೆ 90 ಪೈಸೆ, ಅದರ ಮೇಲೆ ರೂಪಾಯಿ, ಒಟ್ಟು ಬಿಲ್ 400 ರೂಪಾಯಿ ದಾಟಿದ್ರೆ 15 ಪರ್ಸೆಂಟ್ ಸರ್ಚಾರ್ಜು. ಆ ರೇಟಿಗೆ ಈಗ ಯಾರು ಕರೆಂಟ್ ಕೊಡ್ತಾರೋ ಗೊತ್ತಿಲ್ಲ, ಇರ್ಲಿ. ಪ್ರಶ್ನೆ ಕೆಟ್ಟದ್ದು ಅಂತಲ್ಲ, ಯೋಚ್ನೆ ಮಾಡಿ ಬರೆದ್ರೆ ಅದರಲ್ಲೂ ಕಲಿಯೋದು ಬೇಕಾದಷ್ಟಿದೆ. ಆದ್ರೆ ಪಟ್ಟಿ ಮೊದಲೇ ಗೊತ್ತಿದ್ದಾಗ ಹುಡುಗರು ಏನ್ ಮಾಡ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು, ಸೆಮಿಕೋಲನ್ ಸಮೇತ ಬಾಯಿಪಾಠ. ಸಿಎಸ್50 ಹಾಗೆ ಓದೋಕೆ ಬರಲ್ಲ. ಮಾರ್ಕ್ಸ್ ಬೇಕು ಅಂದ್ರೆ ಇದು ದೂರದ ದಾರಿ. ರಜೆಯಲ್ಲಿ ಮಾಡೋ ಅಂದೆ, ಸೆಮ್ ಮುಗಿದ ಮೇಲೆ ಶುರು ಮಾಡಿದಾನೆ, ಈಗ ಅವನೇ ನನಗೆ ಡೌಟ್ ಹೇಳ್ಕೊಡೋ ಮಟ್ಟಕ್ಕಿದಾನೆ.

ನನ್ನಂಥ ಲೆಕ್ಕಪತ್ರದ ಜನಕ್ಕೆ ವೀಕ್ 1ರಲ್ಲಿ ಎರಡು ವಿಷಯ ಭಾರಿ ಹಿಡಿಸತ್ತೆ. ಒಂದು ಫ್ಲೋಟ್, ಅಂದ್ರೆ ದಶಮಾಂಶ ಸಂಖ್ಯೆನ ಕಂಪ್ಯೂಟರ್ ಇಟ್ಕೊಳ್ಳೋ ರೀತಿ. ಎಕ್ಸೆಲಲ್ಲಿ ಎರಡು ಟೋಟಲ್ ಕಣ್ಣಿಗೆ ಒಂದೇ ಥರ ಕಾಣ್ತಿರತ್ತೆ, ಒಂದರಲ್ಲಿ ಒಂದು ಕಳೆದ್ರೆ ಸೊನ್ನೆ ಬರದೆ ಇ ಮೈನಸ್ 13 ಅಂತ ಏನೋ ಬಾಲ ಬರತ್ತೆ, ಆಫೀಸಲ್ಲಿ ಎಲ್ಲರೂ ರೌಂಡ್ ಹಾಕಿ ಮುಂದಕ್ಕೆ ಹೋಗ್ತೀವಿ. ಯಾಕೆ ಅಂತ ಗೊತ್ತಾಗಿದ್ದು ಇಲ್ಲಿ. ಕಂಪ್ಯೂಟರ್ ಎಲ್ಲವನ್ನೂ ಎರಡರ ಲೆಕ್ಕದಲ್ಲಿ ಇಡೋದ್ರಿಂದ 0.1 ಅನ್ನೋ ಸಣ್ಣ ಸಂಖ್ಯೆನೂ ಅದಕ್ಕೆ ಸರಿಯಾಗಿ ಹಿಡಿಯಲ್ಲ, ಹತ್ತಿರದ್ದನ್ನ ಇಟ್ಕೊಳ್ಳತ್ತೆ, ಕೂಡ್ತಾ ಕಳೀತಾ ಹೋದ್ರೆ ಆ ಚೂರು ಎಲ್ಲೋ ಹೊರಗೆ ಬರತ್ತೆ. ದುಡ್ಡಿನ ಲೆಕ್ಕವನ್ನ ಪೈಸೆಗೆ ತಿರುಗಿಸಿ ಪೂರ್ಣಾಂಕದಲ್ಲಿ ಇಡೋದು ಯಾಕೆ ಒಳ್ಳೇದು ಅಂತ ಆಗ ತಲೆಗೆ ಹೋಯ್ತು.

ಇನ್ನೊಂದು ಕ್ರೆಡಿಟ್ ಅನ್ನೋ ಪ್ರಾಬ್ಲಮ್. ಕ್ಯಾಶ್ ಅನ್ನೋ ಸುಲಭದ ಪ್ರಾಬ್ಲಮ್ ಬದಲಿಗೆ ಇಟ್ಟಿರೋ ಸ್ವಲ್ಪ ಗಟ್ಟಿ ಆಯ್ಕೆ. ಕಾರ್ಡ್ ನಂಬರ್ ಕೊಟ್ರೆ ಅದು ಸರಿಯಾದ ನಂಬರಾ ಅಂತ ಹೇಳ್ಬೇಕು. ಕೊನೇ ಅಂಕಿ ಬಿಟ್ಟು ಅದರ ಹಿಂದಿನದ್ರಿಂದ ಶುರು ಮಾಡಿ ಒಂದು ಬಿಟ್ಟು ಒಂದು ಅಂಕಿನ ಎರಡರಿಂದ ಗುಣಿಸಿ, ಬಂದಿದ್ದರ ಅಂಕಿಗಳನ್ನೆಲ್ಲ ಕೂಡಿ, ಉಳಿದ ಅಂಕಿಗಳನ್ನೂ ಸೇರ್ಸಿ, ಮೊತ್ತದ ಕೊನೇಲಿ ಸೊನ್ನೆ ಬಂದ್ರೆ ಸರಿ. 16 ಅಂಕಿ ಸಿ ಭಾಷೆಯಲ್ಲಿ ಪೂರ್ಣಾಂಕ ಇಡೋ ಸಾಮಾನ್ಯ ಇಂಟ್‌ನಲ್ಲಿ ಹಿಡಿಯಲ್ಲ, ಅದರ ಮಿತಿ 214 ಕೋಟಿ ಚಿಲ್ಲರೆ ಅಷ್ಟೇ, ಅದಕ್ಕಿಂತ ದೊಡ್ಡದನ್ನ ಹಿಡಿಸೋ ಲಾಂಗ್ ಬೇಕು. ಪರ್ಸಿಂದ ನನ್ನ ಕಾರ್ಡೇ ತೆಗೆದು ಹಾಕಿ ನೋಡ್ದೆ, ಬಂತು ಸೊನ್ನೆ. ಆಮೇಲೆ ನೆನಪಾಯ್ತು, ನಾವು ದಿನಾ ಟೈಪ್ ಮಾಡೋ ಜಿಎಸ್‌ಟಿ ನಂಬರಲ್ಲೂ ಇದೇ ಜಾತಿಯ ಉಪಾಯ ಇದೆ: ಮೊದಲ ಎರಡಂಕಿ ರಾಜ್ಯದ್ದು, ನಮ್ಮ ಕರ್ನಾಟಕಕ್ಕೆ 29, ಆಮೇಲಿನ ಹತ್ತು ಪ್ಯಾನ್ ನಂಬರು, ಕೊನೇ 15ನೇದು ಚೆಕ್ ಡಿಜಿಟ್ಟು. ಒಂದಕ್ಷರ ತಪ್ಪು ಹೊಡೆದ ತಕ್ಷಣ ಇನ್‌ವ್ಯಾಲಿಡ್ ಅಂತ ಸಿಕ್ಕಿಬೀಳೋದಕ್ಕೆ ದಾರಿ ಇದೇ. ಇಷ್ಟು ವರ್ಷ ಬೈಕೊಂಡು ತಿದ್ದಿದ್ದನ್ನ ಅವತ್ತು ಪ್ರೀತಿಯಿಂದ ನೋಡ್ದೆ ಅನ್ನಿ.

ಸರಿ, ಕಷ್ಟದ ಮಾತಿಗೆ ಬರೋಣ. ಜನ ಕೈಬಿಡೋ ಜಾಗ ವೀಕ್ 3, 4, 5. ಮೂರರಲ್ಲಿ ಟೈಡ್‌ಮನ್ ಅಂತ ಒಂದಿದೆ, ಚುನಾವಣೆ ಎಣಿಕೆ ಮಾಡೋದು, ಅದು ಕಡ್ಡಾಯ ಅಲ್ಲ, ಅದರ ಬದಲಿಗೆ ಸುಲಭದ್ದೊಂದು ಇದೆ, ಹಠಕ್ಕೆ ಬಿದ್ದು ಅಲ್ಲೇ ವಾರಗಟ್ಲೆ ಕೂತು ಸುಸ್ತಾಗೋದು ಬೇಡ. ನಾಲ್ಕನೇ ವಾರ ಮೆಮೊರಿ, ಪಾಯಿಂಟರ್. ಸ್ವಾಪ್ ಅಂತ ಒಂದು ಫಂಕ್ಷನ್ (ಒಂದು ಕೆಲಸಕ್ಕೆ ಅಂತ ಬರೆದಿಟ್ಟ ಕೋಡಿನ ತುಂಡು) ಬರೆದು ಎಕ್ಸ್, ವೈ ಎರಡನ್ನೂ ಅದಲುಬದಲು ಮಾಡು ಅಂತ ಕೊಡಿ, ಫಂಕ್ಷನ್ ಒಳಗೆ ನೋಡಿದ್ರೆ ಬದಲಾಗಿರತ್ತೆ, ಹೊರಗೆ ಬಂದು ನೋಡಿದ್ರೆ ಇದ್ದ ಹಾಗೇ ಇರತ್ತೆ. ಜೆರಾಕ್ಸ್ ಮೇಲೆ ತಿದ್ದಿದ್ರೆ ಒರಿಜಿನಲ್ ಬದಲಾಗಲ್ವಲ್ಲ, ಹಾಗೆ. ಸಿ ಭಾಷೆ ಫಂಕ್ಷನ್‌ಗೆ ಕಳಿಸೋದು ಬೆಲೆಯ ಕಾಪಿನ ಮಾತ್ರ, ಒರಿಜಿನಲ್ಲೇ ಬದಲಾಗ್ಬೇಕಂದ್ರೆ ಅದು ಮೆಮೊರಿಯಲ್ಲಿ ಎಲ್ಲಿದೆ ಅನ್ನೋ ವಿಳಾಸ ಕಳಿಸ್ಬೇಕು. ಆ ವಿಳಾಸಾನೇ ಪಾಯಿಂಟರ್. ಇದನ್ನ ಒಂದ್ಸಲ ಕೇಳಿದ್ರೆ ಅರ್ಥ ಆದ ಹಾಗಿರತ್ತೆ, ಬರೆಯೋಕೆ ಕೂತ್ರೆ ನಕ್ಷತ್ರ ಚಿಹ್ನೆ ಎಲ್ಲಿ ಹಾಕ್ಬೇಕು ಎಲ್ಲಿ ಹಾಕ್ಬಾರ್ದು ಅಂತ ಗೊತ್ತಾಗದೆ, ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಮ್ ನಿಂತುಹೋಗೋ ಸೆಗ್‌ಮೆಂಟೇಶನ್ ಫಾಲ್ಟ್ ಮೇಲೆ ಸೆಗ್‌ಮೆಂಟೇಶನ್ ಫಾಲ್ಟು. ಪಾಠ ಎರಡ್ಮೂರು ಸಲ ನೋಡಿದ್ರೆ ಅದಕ್ಕೇನೂ ನಾಚ್ಕೋಬೇಕಾಗಿಲ್ಲ.

ಆದ್ರೆ ಅದೇ ವಾರದ ರಿಕವರ್ ಅನ್ನೋ ಪ್ರಾಬ್ಲಮ್ಮೇ ಇಡೀ ಕೋರ್ಸಲ್ಲಿ ನನಗೆ ಅತಿ ಇಷ್ಟ ಆಗಿದ್ದು. ಕ್ಯಾಮೆರಾ ಕಾರ್ಡಲ್ಲಿ ಡಿಲೀಟ್ ಆಗಿರೋ ಫೋಟೋಗಳನ್ನ ವಾಪಸ್ ತರ್ಬೇಕು. ಕಾರ್ಡಿನ ಡೇಟಾನ 512 ಬೈಟ್ ತುಂಡು ತುಂಡಾಗಿ ಓದ್ತಾ ಹೋಗೋದು, ಯಾವ ತುಂಡಿನ ಶುರುವಿನಲ್ಲಿ ಎಫ್‌ಎಫ್, ಡಿ8, ಎಫ್‌ಎಫ್ ಅಂತ ಜೆಪೆಗ್ಗಿನ ಗುರುತು ಸಿಗತ್ತೋ ಅಲ್ಲಿಂದ ಹೊಸ ಫೈಲು. ಸರಿಯಾಗಿ ಬರೆದ್ರೆ ಸೊನ್ನೆಯಿಂದ 49ರವರೆಗೆ 50 ಫೋಟೋ ಸಾಲಾಗಿ ಬಂದು ಬೀಳತ್ತೆ. ಫೋನ್ ರಿಪೇರಿ ಅಂಗಡೀಲಿ "ಡೇಟಾ ರಿಕವರಿ ಮಾಡಿಕೊಡಲಾಗುವುದು" ಅಂತ ಬೋರ್ಡ್ ಇರತ್ತಲ್ಲ, ಅದರ ಹಿಂದಿನ ಮೂಲ ವಿದ್ಯೆ ಇದೇ ಅಂತ ಗೊತ್ತಾದಾಗ ಆಗೋ ಖುಷಿ ಯಾವ ಲೆಕ್ಚರೂ ಕೊಡಲ್ಲ.

ವೀಕ್ 5ರ ಸ್ಪೆಲ್ಲರಲ್ಲಿ 1,43,091 ಪದಗಳ ಡಿಕ್ಷನರಿನ ಮೆಮೊರಿಗೆ ತುಂಬಿ ಸ್ಪೆಲಿಂಗ್ ಚೆಕ್ ಮಾಡೋದನ್ನ ಸಿ ಭಾಷೆಯಲ್ಲೇ ಬರೀಬೇಕು, ಪದಗಳನ್ನ ಬೇಗ ಸಿಗೋ ಹಾಗೆ ಜೋಡಿಸಿಡೋ ಹ್ಯಾಶ್ ಟೇಬಲ್ಲು, ಲಿಂಕ್ಡ್ ಲಿಸ್ಟು, ತಗೊಂಡ ಮೆಮೊರಿನೆಲ್ಲ ವಾಪಸ್ ಕೊಡೋದು, ಸಾಕಪ್ಪಾ ಸಾಕು ಅನ್ಸೋ ಹೊತ್ತಿಗೆ ಮುಂದಿನ ವಾರ ಮಲನ್ ಬಂದು ಅದನ್ನೇ ಪೈಥಾನಲ್ಲಿ ಕೆಲವೇ ಸಾಲಲ್ಲಿ ಬರೆದು ತೋರಿಸ್ತಾರೆ. ಮೊದಲೇ ಹೇಳೋಕೇನಾಗಿತ್ತು ಸ್ವಾಮಿ ಅನ್ಸತ್ತೆ. ಆದ್ರೆ ಸಿ ಕಷ್ಟ ಪಟ್ಟಿದ್ದಕ್ಕೇ ಪೈಥಾನ್ ಒಳಗೆ ಏನ್ ನಡೀತಿದೆ ಅಂತ ಅಂದಾಜು ಸಿಗೋದು. ನಮ್ಮ ಭಾಷೆಯದ್ದೇ ಒಂದು ಉದಾಹರಣೆ, ಇದು ಕೋರ್ಸಲ್ಲಿ ಇಲ್ಲ, ನಾನೇ ಮಾಡಿ ನೋಡಿದ್ದು: ಸಿ ಭಾಷೆಯ ಸ್ಟ್ರಿಂಗ್ (ಅಕ್ಷರಗಳ ಸಾಲು) ಉದ್ದ ಹೇಳೋ ಫಂಕ್ಷನ್‌ಗೆ "ಕನ್ನಡ" ಅಂತ ಕೊಟ್ರೆ 15 ಅನ್ನತ್ತೆ, ಪೈಥಾನಿಗೆ ಕೊಟ್ರೆ 5 ಅನ್ನತ್ತೆ, ನಮ್ಮ ಕಣ್ಣಿಗೆ ಕಾಣೋದು 3 ಅಕ್ಷರ. ಸಿ ಎಣಿಸೋದು ಬೈಟು, ಎಲ್ಲ ಭಾಷೆಯ ಅಕ್ಷರಕ್ಕೂ ನಂಬರ್ ಕೊಡೋ ಯೂನಿಕೋಡಲ್ಲಿ ಕನ್ನಡದ ಒಂದೊಂದು ಸಂಕೇತವೂ ಆ ನಂಬರನ್ನ ಬೈಟಲ್ಲಿ ಬರೆಯೋ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟು. ಪೈಥಾನ್ ಎಣಿಸೋದು ಸಂಕೇತ, ಕ, ನ, ಹಲಂತ, ನ, ಡ. ಒತ್ತಕ್ಷರ ಅನ್ನೋದು ಎರಡಕ್ಕೂ ಗೊತ್ತಿಲ್ಲ. ಹಾಗಾಗಿ ವೀಕ್ 2ರ ಸೀಸರ್ ಸೈಫರ್ (ಅಕ್ಷರಗಳನ್ನ ಇಂತಿಷ್ಟು ಮನೆ ಮುಂದಕ್ಕೆ ಸರಿಸಿ ಬರೆಯೋ ಗುಪ್ತಲಿಪಿ) ಕೂಡ ಎ ಟು ಝಡ್ ಮೇಲೆ ಮಾತ್ರ ಆಡೋದು, ಕನ್ನಡಕ್ಕೆ ಮಾಡ್ತೀನಿ ಅಂತ ಹೊರಟ್ರೆ ಅದೇ ಒಂದು ಪ್ರಾಜೆಕ್ಟ್ ಆಗತ್ತೆ.

ಪೈಥಾನ್ ಆದ್ಮೇಲೆ ಇಳಿಜಾರು. ಎಸ್‌ಕ್ಯೂಎಲ್ ವಾರದಲ್ಲಿ ಫಿಫ್ಟಿವಿಲ್ ಅನ್ನೋ ಊರಲ್ಲಿ ಬಾತುಕೋಳಿ ಕದ್ದ ಕಳ್ಳನ ಡೇಟಾಬೇಸಲ್ಲಿ ಹುಡುಕೋದು ಪತ್ತೇದಾರಿ ಕಾದಂಬರಿ ಓದಿದ ಹಾಗಿದೆ, ಎಟಿಎಂ ದಾಖಲೆ, ಫೋನ್ ಕಾಲ್, ವಿಮಾನದ ಟಿಕೆಟ್ಟು ಎಲ್ಲ ತಾಳೆ ಹಾಕ್ಬೇಕು, ಆಡಿಟ್ ಮಾಡೋರಿಗೆ ಇದು ಹಬ್ಬ. ವೆಬ್ ವಾರಗಳು ಮಾತ್ರ ಗಡಿಬಿಡಿ, ಮೂರು ಭಾಷೆ ಒಂದೇ ಪಾಠದಲ್ಲಿ, ಬರೀ ವೆಬ್‌ಸೈಟ್ ಮಾಡೋದು ಕಲೀಬೇಕು ಅಂತ ಬಂದೋರಿಗೆ ಸಾಲದು.

ಇಂಗ್ಲಿಷ್ ಬಗ್ಗೆ ತುಂಬಾ ಜನ ಕೇಳ್ತಾರೆ. ಕನ್ನಡ ಮೀಡಿಯಮ್ಮಲ್ಲಿ ಓದಿದೋರಿಗೆ ಅಮೆರಿಕದ ಉಚ್ಚಾರಣೆ, ಅವರ ಸ್ಪೀಡು ಮೊದಲೆರಡು ವಾರ ತೊಡಕಾಗತ್ತೆ. ಸ್ಪೀಡ್ 0.75ಕ್ಕೆ ಇಟ್ಟು ಇಂಗ್ಲಿಷ್ ಸಬ್‌ಟೈಟಲ್ ಹಾಕ್ಕೊಳ್ಳಿ, ಲೆಕ್ಚರಿನ ನೋಟ್ಸ್ ಬರಹದಲ್ಲೂ ಇದೆ. ಕ್ವಾರ್ಟರ್, ಡೈಮ್, ನಿಕಲ್ ಅಂತ ಅವರ ಚಿಲ್ಲರೆ ಕಾಸಿನ ಪ್ರಾಬ್ಲಮ್ ಬಂದ್ರೆ ಗಾಬರಿ ಬೇಡ, 25, 10, 5, 1 ಸೆಂಟು ಅಷ್ಟೇ. ಲ್ಯಾಪ್‌ಟಾಪ್ ಹಳೇದಾದ್ರೂ ನಡೆಯತ್ತೆ, ಕೋಡ್ ಬರೆಯೋದೆಲ್ಲ ಬ್ರೌಸರಲ್ಲೇ, ಕೋಡ್ ಇಟ್ಕೊಳ್ಳೋ ವೆಬ್‌ಸೈಟ್ ಆದ ಗಿಟ್‌ಹಬ್ ಅಕೌಂಟ್ ಒಂದಿದ್ರೆ ಸಾಕು, ಆದ್ರೆ ನೆಟ್ ಕೈಕೊಟ್ರೆ ಕೆಲಸ ನಿಂತ ಹಾಗೇ. ಬರೀ ಮೊಬೈಲಲ್ಲಿ ಮಾಡ್ತೀನಿ ಅನ್ನೋರು ಆಸೆ ಬಿಡಿ. ವಾರಕ್ಕೆ ಹತ್ತು ಗಂಟೆಯಾದ್ರೂ ಎತ್ತಿಡೋಕಾಗ್ಬೇಕು, ಅದಕ್ಕೇ ನಮ್ಮಂಥೋರು ರಿಟರ್ನ್ ಫೈಲ್ ಮಾಡೋ ಸೀಸನ್ನಲ್ಲಿ ಶುರು ಮಾಡ್ಬಾರ್ದು. ಇನ್ನೊಂದು, ಹಾರ್ವರ್ಡಲ್ಲಿ ಕೂತು ಓದೋ ಹುಡುಗರಿಗೆ ಹೇಳ್ಕೊಡೋಕೆ ಸೀನಿಯರ್‌ಗಳು, ಬಂದು ಕೇಳೋಕೆ ಆಫೀಸ್ ಅವರ್ಸ್ ಎಲ್ಲ ಇರತ್ತೆ, ಆನ್‌ಲೈನಲ್ಲಿ ಮಾಡೋರು ಒಬ್ಬಂಟಿ. ಜೊತೆಗೊಬ್ಬರು ಸಿಕ್ಕಿದ್ರೆ ಅರ್ಧ ಭಾರ ಕಮ್ಮಿ, ಕೋಡ್ ಹಂಚ್ಕೊಳ್ಳೋದಲ್ಲ, ಎಲ್ಲಿ ಸಿಕ್ಕಿಹಾಕ್ಕೊಂಡಿದೀವಿ ಅಂತ ಮಾತಾಡೋಕೆ.

ಯಾರಿಗೆ ಬೇಡ? ಆಫೀಸಲ್ಲಿ ಎಕ್ಸೆಲ್ ಫೈಲ್ ಕೂಡಿಸೋದು, ರಿಪೋರ್ಟ್ ತೆಗೆಯೋದು ಇಷ್ಟಕ್ಕೇ ಪ್ರೋಗ್ರಾಮಿಂಗ್ ಬೇಕು ಅನ್ನೋರಿಗೆ ಐದು ವಾರ ಸಿ ಭಾಷೆ ದಂಡ, ಅವರದ್ದೇ ಸಿಎಸ್50ಪಿ ಅಂತ ಪೂರ್ತಿ ಪೈಥಾನ್ ಕೋರ್ಸಿದೆ, ಅದಕ್ಕೆ ಹೋಗಿ. ನಮ್ಮ ದೇಶದ ಪರೀಕ್ಷೆ, ಸರ್ಟಿಫಿಕೇಟು, ಕಾಲೇಜಲ್ಲಿ ಕ್ರೆಡಿಟ್ಟು ಬೇಕು ಅನ್ನೋರಿಗೆ ಐಐಟಿಗಳು ಆನ್‌ಲೈನಲ್ಲಿ ನಡೆಸೋ ಎನ್‌ಪಿಟಿಇಎಲ್ ವಾಸಿ. ಐಐಟಿ ಖರಗ್‌ಪುರದ ಅನುಪಮ್ ಬಸು ಅವರ 12 ವಾರದ ಸಿ ಕೋರ್ಸ್ ನಿಧಾನಕ್ಕೆ ಬೋರ್ಡ್ ಮೇಲೆ ಬರೆದು ಹೇಳ್ದ ಹಾಗೆ ಹೋಗತ್ತೆ, ನಾಟಕ ಇಲ್ಲ, ಆದ್ರೆ ಒಂದು ಹೆಜ್ಜೆನೂ ಬಿಡಲ್ಲ. ಮಾಧವನ್ ಮುಕುಂದ್ ಅವರ ಪೈಥಾನ್ ಕೋರ್ಸ್ ಮೊದಲ ವಾರವೇ ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ) ಕಂಡುಹಿಡಿಯೋ ಯೂಕ್ಲಿಡ್ ವಿಧಾನಕ್ಕೆ ಇಳಿಯತ್ತೆ, ಚೆನ್ನಾಗಿದೆ, ಆದ್ರೆ ಏನೂ ಗೊತ್ತಿಲ್ಲದೋರಿಗೆ ಅಲ್ಲ. ಇನ್ನು ಮೂರು ತಿಂಗಳಲ್ಲಿ ಐಟಿ ಕೆಲಸ ಗ್ಯಾರಂಟಿ ಅಂತ ಬರೋರಿಗೆ ಇದೂ ಅಲ್ಲ, ಅದೂ ಅಲ್ಲ.

ಸರ್ಟಿಫಿಕೇಟ್ ವಿಷಯ ಕ್ಲಿಯರ್ ಮಾಡ್ಬಿಡ್ತೀನಿ, ಇದರಲ್ಲಿ ಸುಮಾರು ಜನಕ್ಕೆ ಗೊಂದಲ ಇದೆ. ಪ್ರತಿ ಪ್ರಾಬ್ಲಮ್ಮಲ್ಲೂ ಕನಿಷ್ಠ 70 ಪರ್ಸೆಂಟ್ ತಗೊಂಡು ಕೊನೇ ಪ್ರಾಜೆಕ್ಟ್ ಕಳಿಸಿದ್ರೆ ಸಿಎಸ್50ಯವರದ್ದೇ ಸರ್ಟಿಫಿಕೇಟ್ ಫ್ರೀಯಾಗಿ ಬರತ್ತೆ. ಎಡೆಕ್ಸ್ ಅನ್ನೋ ಕೋರ್ಸ್ ವೆಬ್‌ಸೈಟಲ್ಲಿ ದುಡ್ಡು ಕೊಟ್ಟು ತಗೊಳ್ಳೋ ವೆರಿಫೈಡ್ ಸರ್ಟಿಫಿಕೇಟ್ ಬೇರೆ, ಸಾವಿರಾರು ರೂಪಾಯಿ, ಕಂಪನಿ ಕೇಳದೆ ಇದ್ರೆ ಅದರ ತಂಟೆಗೆ ಹೋಗ್ಬೇಡಿ, ಪಾಠ ಎರಡಕ್ಕೂ ಒಂದೇ. ಪ್ರಾಜೆಕ್ಟ್ ಜೊತೆ ಮೂರು ನಿಮಿಷ ಮೀರದ ವಿಡಿಯೋ ಮಾಡಿ ಕಳಿಸ್ಬೇಕು, ನಾನು ಕ್ಲೈಂಟ್‌ಗಳ ಡ್ಯೂ ಡೇಟ್ ನೆನಪಿಸೋ ಸಣ್ಣ ವೆಬ್‌ಸೈಟ್ ಮಾಡ್ದೆ, ನೋಡೋಕೆ ಏನೂ ಚೆನ್ನಾಗಿಲ್ಲ, ಆಫೀಸಲ್ಲಿ ದಿನಾ ಓಪನ್ ಇರತ್ತೆ.

ನನ್ನ ಮಾರ್ಕ್ಸು 5ಕ್ಕೆ ನಾಲ್ಕೂವರೆ, ಅರ್ಧ ಕಟ್ ಮಾಡಿದ್ದು ವೆಬ್ ವಾರಗಳ ಗಡಿಬಿಡಿಗೆ. ವರ್ಷದ ಆವೃತ್ತಿ ಡಿಸೆಂಬರ್ 31ಕ್ಕೆ ಮುಗಿಯತ್ತೆ, ಅಷ್ಟರಲ್ಲಿ ಆಗದಿದ್ರೆ ಮಾಡಿರೋ ಕೆಲಸವನ್ನ ಮುಂದಿನ ವರ್ಷಕ್ಕೆ ಹೆಚ್ಚಾಗಿ ಹಾಗೇ ಒಯ್ತಾರೆ, ಆದ್ರೂ ಒಂದೆರಡು ಪ್ರಾಬ್ಲಮ್ ಬದಲಾಗಿರ್ಬಹುದು, ಹೊಸ ಪಟ್ಟಿ ಜೊತೆ ತಾಳೆ ನೋಡ್ಕೊಳ್ಳಿ. ಸೇರೋ ಯೋಚನೆ ಇರೋರು ಲೆಕ್ಚರ್ ಎಲ್ಲಾ ಡೌನ್‌ಲೋಡ್ ಮಾಡಿ ಇಟ್ಕೊಳ್ಳೋ ಮುಂಚೆ ಮಾರಿಯೋ ಒಂದು ಮಾಡಿ, ಕಾಮೆಂಟಲ್ಲಿ ಹೇಳಿ, ಎಷ್ಟು ಹೊತ್ತು ಹಿಡೀತು ಅಂತಲ್ಲ, ಎದ್ದು ಹೋಗಿ ಮತ್ತೆ ಬಂದು ಕೂತ್ರಾ ಅಂತ.